ಲೆಕ್ಕಕ್ಕೆ ಬಾರದ ತಾಯಂದಿರು

ವೈಟ್‌ಫೀಲ್ಡ್ ಎಂದರೆ ಬಿಳಿಯರ ಬಯಲೆಂದೇ ನಾನು ಬಹುಕಾಲ ಭಾವಿಸಿದ್ದೆ. ಅದು ಡಿ. ಎಸ್. ವೈಟ್ ಎಂಬ ಮುಖಂಡರ ಹೆಸರು. ಬೆಂಗಳೂರಿನ ಬಳಿಯ ಆ ನೆಲವನ್ನು 1882ರಲ್ಲಿ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಬೇಸಾಯಕ್ಕೆಂದು ಕೊಟ್ಟರು. ಎರಡು ಹೆಸರೇಕೆ? ಅಂದು ಆಂಗ್ಲೋ-ಇಂಡಿಯನ್ ಎಂದರೆ ಇಲ್ಲಿ ನೆಲೆಸಿದ ಇಂಗ್ಲಿಷರು; ಯುರೇಷಿಯನ್ ಎಂದರೆ ಮಿಶ್ರಸಂತತಿಯವರು. ಈ ಎರಡನೆಯ ಮಾತಿಗೆ ತಾತ್ಸಾರ ಅಂಟಿಕೊಂಡಿತ್ತು; ಅವರು ಮೊದಲನೆಯದನ್ನೇ ಬೇಡಿದರು. 1911ರ ಜನಗಣತಿಯಲ್ಲಿ ಸರ್ಕಾರ ಒಪ್ಪಿತು.

ಆದರೆ 1935ರ ಕಾಯಿದೆಯಾಗಲಿ ನಮ್ಮ ಸಂವಿಧಾನದ 366ನೆಯ ವಿಧಿಯಾಗಲಿ ಐರೋಪ್ಯ ಮೂಲವನ್ನು ಅರಸುವುದು ತಂದೆಯ ವಂಶದಲ್ಲಷ್ಟೇ. ಹೆತ್ತು ಜೋಗುಳ ಹಾಡಿದ ಈ ನೆಲದ ತಾಯಂದಿರು ಲೆಕ್ಕಕ್ಕೇ ಬರಲಿಲ್ಲ! ತಾಯಿ ಐರೋಪ್ಯಳಾಗಿ ತಂದೆಯ ವಂಶ ಇಲ್ಲಿಯದಾದರೆ ಮಗುವಿಗೆ ಆ ಹೆಸರಿಲ್ಲ. ಈ ಸಮುದಾಯಕ್ಕೆ ಲೋಕಸಭೆಯಲ್ಲಿದ್ದ ನಾಮನಿರ್ದೇಶನ 2020ರಲ್ಲಿ ಕೊನೆಗೊಂಡಿತು. ವ್ಯಾಖ್ಯೆ ಮಾತ್ರ ಹಾಗೆಯೇ ಉಳಿದಿದೆ.