ಮನೆಯಲ್ಲಿಯೇ ಉಪಶಾಮಕ ಆರೈಕೆ: ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ನೋವು ಮತ್ತಿತರ ಬಾಧೆಗಳನ್ನು ಶಮನಗೊಳಿಸಿ, ರೋಗಿಗೂ ಕುಟುಂಬಕ್ಕೂ ಮಾನಸಿಕ ಹಾಗೂ ಸಾಮಾಜಿಕ ನೆರವು ನೀಡುವ ಸೇವೆಯನ್ನು ಉಪಶಾಮಕ ಆರೈಕೆ ಎನ್ನಲಾಗುತ್ತದೆ. ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಮರೆವಿನ ಕಾಯಿಲೆ ಹಾಗೂ ತೀವ್ರ ವೃದ್ಧಾಪ್ಯದ ದೌರ್ಬಲ್ಯ ಇರುವವರು ಈ ಸೇವೆಗೆ ಅರ್ಹರಾಗಿರುತ್ತಾರೆ.

2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ರಾಮನಗರ ಜಿಲ್ಲೆಯನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲಾಗಿದೆ. ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಇಲ್ಲಿನ ಅನೇಕ ಕುಟುಂಬಗಳು ಬೆಂಗಳೂರಿನ ಆಸ್ಪತ್ರೆಗಳನ್ನು ಅವಲಂಬಿಸಿವೆ. ರೇಷ್ಮೆ ನೂಲು ಬಿಚ್ಚಣಿಕೆ, ಆಟಿಕೆ ತಯಾರಿಕೆ, ಕೃಷಿ ಕೂಲಿ ಇವುಗಳನ್ನು ನಂಬಿದ ಕುಟುಂಬಕ್ಕೆ ರೋಗಿಯನ್ನು ಕರೆದೊಯ್ಯುವ ಪ್ರತಿ ದಿನವೂ ಒಂದು ದಿನದ ಸಂಪಾದನೆಯ ನಷ್ಟವಾಗಿರುತ್ತದೆ. ಸಾತನೂರು, ಕೋಡಿಹಳ್ಳಿ, ಕುದೂರು, ತಿಪ್ಪಸಂದ್ರ ಮುಂತಾದ ಹೋಬಳಿಗಳ ಗ್ರಾಮಗಳಿಗೆ ಈ ಹೊರೆ ಇನ್ನೂ ಹೆಚ್ಚು. ಆದುದರಿಂದ ಮನೆಯಲ್ಲಿ ದೊರೆಯುವ ಆರೈಕೆಯ ಗುಣಮಟ್ಟವು ಅತಿ ಮುಖ್ಯವಾಗಿದೆ.

"ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತನ್ನು ಕೇಳಿದ ಕುಟುಂಬದವರು ಆರೈಕೆಯೂ ಮುಗಿಯಿತೆಂದು ಭಾವಿಸುವುದುಂಟು. ಇದು ತಪ್ಪು ತಿಳುವಳಿಕೆ. ರೋಗ ವಾಸಿಯಾಗದಿದ್ದರೂ ನೋವನ್ನು ಕಡಿಮೆ ಮಾಡಲು ಸಾಧ್ಯವಿರುತ್ತದೆ.

ಸರ್ಕಾರದ ಕ್ರಮಗಳು

1. ಕೇಂದ್ರ ಸರ್ಕಾರವು 2012ರಲ್ಲಿ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮವನ್ನು ರೂಪಿಸಿತು. 2016ರಲ್ಲಿ ಕರ್ನಾಟಕವು ತನ್ನದೇ ಆದ ಉಪಶಾಮಕ ಆರೈಕೆ ನೀತಿಯನ್ನು ಅಂಗೀಕರಿಸಿತು.
2. ಆಯುಷ್ಮಾನ್ ಆರೋಗ್ಯ ಮಂದಿರಗಳು ನೀಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆಯೂ ಸೇರಿದೆ.
3. 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್ ಔಷಧವನ್ನು ನೀಡುವುದು ಸುಲಭವಾಗಿದೆ.

ಸೇವೆಯನ್ನು ಪಡೆಯುವ ವಿಧಾನ

ಮೊದಲಿಗೆ ಗ್ರಾಮದ ಆಶಾ ಕಾರ್ಯಕರ್ತೆ ಅಥವಾ ಸಮೀಪದ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯವರಿಗೆ ರೋಗಿಯ ಸ್ಥಿತಿಯನ್ನು ತಿಳಿಸತಕ್ಕದ್ದು. ಅಗತ್ಯಕ್ಕೆ ಅನುಸಾರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು, ತದನಂತರ ತಾಲ್ಲೂಕು ಆಸ್ಪತ್ರೆ ಅಥವಾ ರಾಮನಗರದ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ಕ್ಯಾನ್ಸರ್ ರೋಗಿಗಳು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸಲಹೆ ಪಡೆಯಬಹುದು. ಮನೆಯಲ್ಲಿ ನೋಡಿಕೊಳ್ಳುವುದು ಅಸಾಧ್ಯವಾದಲ್ಲಿ, ಬೆಂಗಳೂರಿನ ಕರುಣಾಶ್ರಯವು ಅಂತಿಮ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದೆ.

ಜೊತೆಯಲ್ಲಿರಬೇಕಾದ ದಾಖಲೆಗಳು: ಆಸ್ಪತ್ರೆಯ ಬಿಡುಗಡೆ ಪತ್ರ, ಪರೀಕ್ಷಾ ವರದಿಗಳು, ಈಗ ಸೇವಿಸುತ್ತಿರುವ ಔಷಧಗಳ ಚೀಟಿ, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿಗಳು.

ಉತ್ತಮ ಆರೈಕೆಯ ಲಕ್ಷಣಗಳು

ಮನೆಗೆ ಬರುವ ಸಿಬ್ಬಂದಿಯ ಹಾಗೂ ಮನೆಯವರ ಆರೈಕೆಯನ್ನು ಈ ಕೆಳಕಂಡ ಅಂಶಗಳಿಂದ ಅಳೆಯಬಹುದಾಗಿದೆ.

ಅ) ನೋವಿನ ವಿಚಾರಣೆ: ಪ್ರತಿ ಭೇಟಿಯಲ್ಲಿಯೂ ನೋವು ಎಷ್ಟಿದೆ ಎಂದು ರೋಗಿಯನ್ನೇ ಕೇಳಿ, ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಬರೆದಿಡತಕ್ಕದ್ದು. ಮಾತನಾಡಲಾಗದವರ ಮುಖಭಾವ ಮತ್ತು ನರಳಾಟವನ್ನು ಗಮನಿಸತಕ್ಕದ್ದು.

ಆ) ಔಷಧ: ನೋವಿನ ಮಾತ್ರೆಯನ್ನು ನೋವು ಹೆಚ್ಚಿದ ಮೇಲೆ ಕೊಡದೆ, ವೈದ್ಯರು ತಿಳಿಸಿದ ವೇಳೆಗೆ ತಪ್ಪದೆ ಕೊಡತಕ್ಕದ್ದು. ಮಾರ್ಫಿನ್ ಚಟವಾಗುತ್ತದೆ ಎಂಬ ಭಯದಿಂದ ಅನೇಕರು ನೋವನ್ನು ಸಹಿಸಿಕೊಂಡೇ ಇರುತ್ತಾರೆ. ವೈದ್ಯರ ಮೇಲ್ವಿಚಾರಣೆಯಲ್ಲಿ ನೋವಿಗಾಗಿ ಸೇವಿಸಿದಾಗ ಈ ಅಪಾಯ ಕಡಿಮೆ. ಮಲಬದ್ಧತೆ ಸಾಮಾನ್ಯವಾದುದರಿಂದ ಅದಕ್ಕೂ ಔಷಧವನ್ನು ಕೇಳಿ ಪಡೆಯತಕ್ಕದ್ದು. ಪ್ರಮಾಣವನ್ನು ತಾವಾಗಿಯೇ ಬದಲಿಸುವುದಾಗಲಿ, ಇದ್ದಕ್ಕಿದ್ದಂತೆ ನಿಲ್ಲಿಸುವುದಾಗಲಿ, ಬೇರೆಯವರಿಗೆ ಕೊಡುವುದಾಗಲಿ ಕೂಡದು.

ಇ) ಶುಚಿತ್ವ: ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಿಂದ ಹಾಸಿಗೆ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಬಾಯಿಯನ್ನು ದಿನಕ್ಕೆ ಹಲವು ಬಾರಿ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ನುಂಗಲಾಗದವರಿಗೆ ಬಲವಂತವಾಗಿ ಗಂಜಿ ಅಥವಾ ನೀರು ಕುಡಿಸಬಾರದು.

ಈ) ಗೌರವ: ಸ್ನಾನ, ಶೌಚದ ವೇಳೆ ಮರೆ ಇರಬೇಕು. ರೋಗಿಯ ಎದುರಿನಲ್ಲಿ ಖರ್ಚಿನ ಮಾತು, ಬೇಸರದ ಮಾತು ಸಲ್ಲದು. ತನ್ನ ಕಾಯಿಲೆಯ ಬಗ್ಗೆ ತಿಳಿಯಬಯಸುವವರಿಗೆ ಮೃದುವಾಗಿ ನಿಜವನ್ನು ತಿಳಿಸುವುದು ಉಚಿತ.

ಉ) ನೋಡಿಕೊಳ್ಳುವವರ ವಿಶ್ರಾಂತಿ: ಹೆಚ್ಚಿನ ಮನೆಗಳಲ್ಲಿ ಈ ಹೊಣೆ ಹೆಂಡತಿ, ಮಗಳು ಅಥವಾ ಸೊಸೆ ಒಬ್ಬರ ಮೇಲೆಯೇ ಬೀಳುತ್ತದೆ. ಸರದಿಯ ಮೇಲೆ ಇತರರೂ ನೋಡಿಕೊಳ್ಳದಿದ್ದಲ್ಲಿ ಅವರೂ ಕಾಯಿಲೆ ಬೀಳುವ ಸಂಭವವಿರುತ್ತದೆ. ಭೇಟಿ ನೀಡುವ ಸಿಬ್ಬಂದಿ ಅವರ ಆರೋಗ್ಯವನ್ನೂ ವಿಚಾರಿಸತಕ್ಕದ್ದು.

ಸಂಬಂಧಿತ ಸೌಲಭ್ಯಗಳು

65 ವರ್ಷ ಮೇಲ್ಪಟ್ಟ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಮಾಸಿಕ ವೇತನ ದೊರೆಯುತ್ತದೆ. ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಅರ್ಹರು ಅಂಗವಿಕಲ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಮಕ್ಕಳು ಪೋಷಣೆಯನ್ನು ನಿರಾಕರಿಸಿದಲ್ಲಿ, 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ.

ಮುಂದೆ ತನಗೆ ನಿರ್ಧರಿಸುವ ಶಕ್ತಿ ಇಲ್ಲದಾದಾಗ ಯಾವ ಚಿಕಿತ್ಸೆ ಬೇಡ ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳ ಸಹಿ ಹಾಗೂ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಇರತಕ್ಕದ್ದು. ಈ ಕುರಿತು ರಾಜ್ಯ ಸರ್ಕಾರವು ಜನವರಿ 2025ರಲ್ಲಿ ಆದೇಶ ಹೊರಡಿಸಿದೆ. ಇಂತಹ ಪತ್ರವಿದ್ದರೂ ನೋವು ಶಮನದ ಆರೈಕೆಯನ್ನು ನಿಲ್ಲಿಸುವಂತಿಲ್ಲ.

ದೂರವಾಣಿ

ಆರೋಗ್ಯ ಸಹಾಯವಾಣಿ: 104
ತುರ್ತು ಆಂಬುಲೆನ್ಸ್: 108
ಹಿರಿಯ ನಾಗರಿಕರ ಸಹಾಯವಾಣಿ: 14567

ನೋವನ್ನು ಸಹಿಸಿಕೊಳ್ಳುವುದು ರೋಗಿಯ ಕರ್ತವ್ಯವಲ್ಲ. ಶಮನವನ್ನು ಕೇಳುವುದು ಆತನ ಹಕ್ಕು. ಸಾರ್ವಜನಿಕರು ಸಂಕೋಚಪಡದೆ ಆರೋಗ್ಯ ಸಿಬ್ಬಂದಿಯನ್ನು ಸಂಪರ್ಕಿಸಿ, ಈ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.