ಮೋಟಾರು ನಗರಿ ಡೆಟ್ರಾಯಿಟ್: ಅವನತಿಯೋ, ಪುನಶ್ಚೇತನವೋ?

ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಹೆಸರು ಕನ್ನಡಿಗರಿಗೆ ಅಪರಿಚಿತವೇನಲ್ಲ. ಅಮೆರಿಕ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ಸಂಸ್ಥೆಯ ಎರಡನೆಯ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ನಡೆದದ್ದು ಅಲ್ಲಿಯೇ. ಆ ಪ್ರದೇಶದ ಪಂಪ ಕನ್ನಡ ಕೂಟ ದಶಕಗಳಿಂದ ನಾಡುನುಡಿಯ ಸೇವೆಯಲ್ಲಿ ನಿರತವಾಗಿದೆ. ಅಲ್ಲಿನ ಮೋಟಾರು ಉದ್ಯಮದಲ್ಲಿ ಮಕ್ಕಳೋ ಬಂಧುಗಳೋ ಇರುವ ಕುಟುಂಬಗಳು ನಮ್ಮ ನಡುವೆಯೂ ಇವೆ. ಆದರೆ ಆ ಊರಿನ ಪ್ರಸ್ತಾಪ ಬಂದಾಗಲೆಲ್ಲ ಎರಡು ವಿರುದ್ಧ ಮಾತುಗಳು ಕೇಳಿಬರುತ್ತವೆ. ‘ಅದು ಹಾಳುಬಿದ್ದ ನಗರ’ ಎಂಬುದು ಒಂದು. ‘ಅದು ಮತ್ತೆ ಎದ್ದು ನಿಂತಿದೆ’ ಎಂಬುದು ಇನ್ನೊಂದು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಅಂಕಿಅಂಶಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಲಸಂಧಿಯ ಊರು, ಮೋಟಾರಿನ ಊರು

1701ರಲ್ಲಿ ಫ್ರೆಂಚರ ಅಧಿಕಾರಿ ಕ್ಯಾಡಿಲ್ಯಾಕ್ ನದಿಯ ದಂಡೆಯಲ್ಲಿ ಕಟ್ಟಿದ ಕೋಟೆಯೇ ಈ ನಗರದ ಮೂಲ. ಫ್ರೆಂಚ್ ಭಾಷೆಯಲ್ಲಿ ‘ದೆತ್ರ್ವಾ’ ಎಂದರೆ ಜಲಸಂಧಿ. ನದಿಯ ಆಚೆಯ ದಡದಲ್ಲಿ ಕೆನಡಾದ ವಿಂಡ್ಸರ್ ಪಟ್ಟಣವಿದೆ. 1903ರಲ್ಲಿ ಹೆನ್ರಿ ಫೋರ್ಡ್ ತಮ್ಮ ಕಂಪೆನಿಯನ್ನು ಸ್ಥಾಪಿಸಿದರು. 1913ರಲ್ಲಿ, ಡೆಟ್ರಾಯಿಟ್ ನಗರವೇ ಸುತ್ತುವರಿದಿರುವ ಹೈಲ್ಯಾಂಡ್ ಪಾರ್ಕ್ ಎಂಬ ಪುಟ್ಟ ಪಟ್ಟಣದ ಕಾರ್ಖಾನೆಯಲ್ಲಿ, ಕಾರು ತಾನೇ ಕಾರ್ಮಿಕನ ಮುಂದೆ ಚಲಿಸಿ ಬರುವ ಜೋಡಣಾ ಪದ್ಧತಿ ಆರಂಭವಾಯಿತು. ಮರುವರ್ಷ ದಿನಕ್ಕೆ 5 ಡಾಲರ್ ಕೂಲಿಯ ಘೋಷಣೆ ಹೊರಬಿದ್ದಾಗ ಕೆಲಸವನ್ನು ಅರಸಿ ಜನ ಪ್ರವಾಹದಂತೆ ಬಂದರು. 1900ರಲ್ಲಿ ಮೂರು ಲಕ್ಷಕ್ಕಿಂತ ಕಡಿಮೆಯಿದ್ದ ಜನಸಂಖ್ಯೆ 1950ರ ಜನಗಣತಿಯಲ್ಲಿ 18,49,568ಕ್ಕೆ ಏರಿತು. ಅದೇ ಅದರ ಶಿಖರ. 2020ರ ಜನಗಣತಿಯಲ್ಲಿ ಉಳಿದವರು 6,39,111 ಮಂದಿ. ಅಂದರೆ ಮೂವರಲ್ಲಿ ಸರಿಸುಮಾರು ಒಬ್ಬರು.

ಜನ ಹೋದದ್ದೆಲ್ಲಿಗೆ?

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ನಗರವೂ ಅದರ ಸುತ್ತಣ ಉಪನಗರಗಳೂ ಸೇರಿದ ಮಹಾನಗರ ಪ್ರದೇಶದ ಜನಸಂಖ್ಯೆ 1970ರಲ್ಲಿ ಸುಮಾರು 44 ಲಕ್ಷವಿತ್ತು. 2020ರಲ್ಲಿಯೂ ಅಷ್ಟೇ ಇತ್ತು. ಎಂದರೆ ಪ್ರದೇಶ ಬರಿದಾಗಲಿಲ್ಲ, ಅದರ ನಡುವಿನ ನಗರ ಬರಿದಾಯಿತು. ಎರಡನೆಯ ಮಹಾಯುದ್ಧದ ನಂತರ ಕಂಪೆನಿಗಳು ಹೊಸ ಕಾರ್ಖಾನೆಗಳನ್ನು ಹೊರವಲಯದ ವಿಶಾಲ ಜಾಗಗಳಲ್ಲಿ ಕಟ್ಟಿದವು. ಸರಕಾರದ ಖಾತರಿಯಿದ್ದ ಗೃಹಸಾಲ ಬಿಳಿಯರಿಗೆ ಉಪನಗರಗಳಲ್ಲಿ ಸುಲಭವಾಗಿ ದೊರೆಯುತ್ತಿತ್ತು. ಆಫ್ರಿಕನ್-ಅಮೆರಿಕನ್ನರಿಗೆ ಅದು ಬಹುಮಟ್ಟಿಗೆ ನಿರಾಕೃತವಾಗಿತ್ತು. ಹೆದ್ದಾರಿಗಳಿಗಾಗಿ ಬ್ಲ್ಯಾಕ್ ಬಾಟಮ್‌ನಂಥ ಅವರ ಹಳೆಯ ಬಡಾವಣೆಗಳನ್ನೇ ನೆಲಸಮ ಮಾಡಲಾಯಿತು. 1967ರ ಜುಲೈ ತಿಂಗಳ ಗಲಭೆಯಲ್ಲಿ 43 ಜನ ಮೃತಪಟ್ಟ ಮೇಲೆ ವಲಸೆ ಇನ್ನಷ್ಟು ತೀವ್ರವಾಯಿತು. ಜಪಾನಿ ಕಾರುಗಳ ಪೈಪೋಟಿ ಬಂದದ್ದು ಆನಂತರ. ರೋಗ ಅದಕ್ಕಿಂತ ಮೊದಲೇ ಅಂಟಿತ್ತು.

ನಗರದ ಉತ್ತರದ ಗಡಿ ‘ಎಯ್ಟ್ ಮೈಲ್’ ಎಂಬ ರಸ್ತೆ. ಅದರ ಆಚೆಗೆ ಒಂದು ಬದುಕು, ಈಚೆಗೆ ಇನ್ನೊಂದು. ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್ ಮೊದಲಾದ, ಭಾರತೀಯರು ನೆಲೆಸಿರುವ ಊರುಗಳೆಲ್ಲ ಗಡಿಯ ಹೊರಗಿವೆ. ‘ಮಗ ಡೆಟ್ರಾಯಿಟ್‌ನಲ್ಲಿದ್ದಾನೆ’ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಹೇಳುತ್ತಿರುವುದು ಈ ಹೊರಗಿನ ಊರುಗಳ ಮಾತನ್ನು ಎಂಬುದು ನೆನಪಿರಲಿ.

ದಿವಾಳಿಯ ಹಾದಿ

ಜನ ಹೋದರೂ ನಗರದ ವಿಸ್ತೀರ್ಣ ಕುಗ್ಗಲಿಲ್ಲ. ಸುಮಾರು 360 ಚದರ ಕಿಲೋಮೀಟರಿನ ರಸ್ತೆ, ನೀರಿನ ಕೊಳವೆ, ಬೀದಿದೀಪ, ಪೊಲೀಸ್ ಕಾವಲು ಎಲ್ಲವೂ ಹಾಗೆಯೇ ಉಳಿದವು. ಅವುಗಳ ಖರ್ಚು ಹೊರಬೇಕಾದ ತೆರಿಗೆದಾರರು ಮಾತ್ರ ಮೂರನೆಯ ಒಂದು ಭಾಗಕ್ಕಿಳಿದರು. ಲೆಕ್ಕಪತ್ರ ಬಲ್ಲ ಯಾರಿಗಾದರೂ ಇದರ ಪರಿಣಾಮ ಗೊತ್ತು. ಕೊರತೆಯನ್ನು ಸಾಲದಿಂದ ತುಂಬಲಾಯಿತು. ಸಾಲವನ್ನು ಇನ್ನೊಂದು ಸಾಲದಿಂದ.

2005ರಲ್ಲಿ ಪಿಂಚಣಿ ನಿಧಿಯ ಕೊರತೆಯನ್ನು ನೀಗಿಸಲು ನಗರಾಡಳಿತವು ಸುಮಾರು 144 ಕೋಟಿ ಡಾಲರ್ ಸಾಲ ಎತ್ತಿತು. ಇದರ ಒಂದು ಭಾಗಕ್ಕೆ ಬಡ್ಡಿದರ ಏರಿಳಿಯುವಂತಿದ್ದುದರಿಂದ, ದರ ಏರಿದರೆ ರಕ್ಷಣೆಯಿರಲೆಂದು ಬ್ಯಾಂಕುಗಳೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ಆದರೆ 2008ರ ಆರ್ಥಿಕ ಕುಸಿತದ ನಂತರ ಬಡ್ಡಿದರ ಪಾತಾಳಕ್ಕಿಳಿಯಿತು. ಒಪ್ಪಂದದ ಪ್ರಕಾರ ವ್ಯತ್ಯಾಸದ ಹಣವನ್ನು ನಗರವೇ ತೆರಬೇಕಾಯಿತು. ಅದು ವರ್ಷಕ್ಕೆ ಸುಮಾರು 5 ಕೋಟಿ ಡಾಲರ್. 2013ರ ಜುಲೈ 18ರಂದು, ಸುಮಾರು 1,800 ಕೋಟಿ ಡಾಲರ್ ಹೊಣೆಗಾರಿಕೆಯೊಂದಿಗೆ, ಡೆಟ್ರಾಯಿಟ್ ದಿವಾಳಿ ಅರ್ಜಿ ಸಲ್ಲಿಸಿತು. ಅಮೆರಿಕದ ಇತಿಹಾಸದಲ್ಲಿಯೇ ಅಷ್ಟು ದೊಡ್ಡ ನಗರಾಡಳಿತದ ದಿವಾಳಿ ಮತ್ತೊಂದಿಲ್ಲ. ಆಗ ನ್ಯಾಯಾಲಯದ ಮುಂದೆ ಬಂದ ವಿವರಗಳು ದಾರುಣವಾಗಿದ್ದವು: ಶೇಕಡಾ 40ರಷ್ಟು ಬೀದಿದೀಪಗಳು ಉರಿಯುತ್ತಿರಲಿಲ್ಲ, 78,000 ಕಟ್ಟಡಗಳು ಪಾಳುಬಿದ್ದಿದ್ದವು, ಕರೆ ಹೋದ ಮೇಲೆ ಪೊಲೀಸರು ಬರಲು ಸರಾಸರಿ 58 ನಿಮಿಷ ಹಿಡಿಯುತ್ತಿತ್ತು.

ಪಿಂಚಣಿಯೋ, ಚಿತ್ರಶಾಲೆಯೋ?

ಸಾಲಗಾರ ಮುಳುಗಿದಾಗ ಸಾಲ ಕೊಟ್ಟವರು ಆಸ್ತಿಯನ್ನು ಹುಡುಕುವುದು ಸಹಜ. ನಗರದ ಬಳಿ ಇದ್ದ ಬೆಲೆಬಾಳುವ ಆಸ್ತಿಯೆಂದರೆ ಡೆಟ್ರಾಯಿಟ್ ಕಲಾ ಸಂಗ್ರಹಾಲಯದ ಚಿತ್ರಗಳು. ಮೆಕ್ಸಿಕೋದ ಕಲಾವಿದ ಡಿಯೆಗೋ ರಿವೆರಾ 1932-33ರಲ್ಲಿ ಕಾರ್ಖಾನೆಯ ದುಡಿಮೆಯನ್ನೇ ವಸ್ತುವಾಗಿಸಿ ರಚಿಸಿದ ಭಿತ್ತಿಚಿತ್ರಗಳಿರುವುದು ಅಲ್ಲಿಯೇ. ಸಂಗ್ರಹವನ್ನು ಮಾರಬೇಕೆಂದು ಸಾಲದಾತರು ಪಟ್ಟುಹಿಡಿದರು. ಇನ್ನೊಂದೆಡೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ನಿವೃತ್ತ ನೌಕರರ ಪಿಂಚಣಿ ಅಪಾಯಕ್ಕೆ ಸಿಲುಕಿತು. ಕೊನೆಗೆ ದತ್ತಿಸಂಸ್ಥೆಗಳು, ರಾಜ್ಯ ಸರಕಾರ ಹಾಗೂ ಸಂಗ್ರಹಾಲಯದ ದಾನಿಗಳು ಸೇರಿ 20 ವರ್ಷಗಳಲ್ಲಿ 81.6 ಕೋಟಿ ಡಾಲರ್ ಒದಗಿಸಲು ಒಪ್ಪಿದರು. ಆ ಹಣ ಪಿಂಚಣಿ ನಿಧಿಗೆ ಸಲ್ಲಬೇಕು, ಚಿತ್ರಗಳು ಸ್ವತಂತ್ರ ಸಂಸ್ಥೆಯ ಒಡೆತನಕ್ಕೆ ಸೇರಬೇಕು ಎಂಬುದು ಒಡಂಬಡಿಕೆ. 2014ರ ಡಿಸೆಂಬರ್ 10ರಂದು ನಗರ ದಿವಾಳಿಯಿಂದ ಹೊರಬಂದಿತು. ಸುಮಾರು 700 ಕೋಟಿ ಡಾಲರ್ ಋಣ ಕಳಚಿತು.

ಆದರೂ ನಿವೃತ್ತರು ಪೂರ್ತಿ ಪಾರಾಗಲಿಲ್ಲ. ಸಾಮಾನ್ಯ ನೌಕರರ ಮೂಲ ಪಿಂಚಣಿಯಲ್ಲಿ ಶೇಕಡಾ 4.5 ಕಡಿತವಾಯಿತು, ನಮ್ಮ ತುಟ್ಟಿಭತ್ಯೆಯನ್ನು ಹೋಲುವ ವಾರ್ಷಿಕ ಏರಿಕೆ ರದ್ದಾಯಿತು. ಪೊಲೀಸ್ ಮತ್ತು ಅಗ್ನಿಶಾಮಕ ದಳದವರಿಗೆ ಮೂಲ ಪಿಂಚಣಿ ಉಳಿದರೂ ಆ ಏರಿಕೆ ಅರ್ಧಕ್ಕಿಂತ ಕಡಿಮೆಯಾಯಿತು. ಎಲ್ಲ ನಿವೃತ್ತರ ಆರೋಗ್ಯ ಸೌಲಭ್ಯ ಬಹುಪಾಲು ಮೊಟಕಾಯಿತು. ಕಾಗದದಲ್ಲಿ 4.5 ಸಣ್ಣ ಸಂಖ್ಯೆ. ಆದರೆ ಬೆಲೆಗಳು ವರ್ಷವರ್ಷವೂ ಏರುವಾಗ ಏರದೆ ನಿಂತ ಪಿಂಚಣಿ ಮನೆಯನ್ನು ಹೇಗೆ ಹಿಂಡುತ್ತದೆ ಎಂಬುದನ್ನು ನಿವೃತ್ತಿಯ ಅಂಚಿನಲ್ಲಿರುವ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚೇತರಿಕೆಯ ಚಿಹ್ನೆಗಳು

ಪುನಶ್ಚೇತನ ಕೇವಲ ಪ್ರಚಾರವಲ್ಲ. 2016ರ ಕೊನೆಯ ವೇಳೆಗೆ 65,000 ಹೊಸ ಎಲ್‌ಇಡಿ ದೀಪಗಳು ಬೀದಿಗಳನ್ನು ಬೆಳಗಿದವು. 1988ರಲ್ಲಿ ಕೊನೆಯ ರೈಲು ಹೊರಟು ಹಾಳುಬಿದ್ದಿದ್ದ ಮಿಶಿಗನ್ ಸೆಂಟ್ರಲ್ ನಿಲ್ದಾಣವನ್ನು 2018ರಲ್ಲಿ ಫೋರ್ಡ್ ಕಂಪೆನಿ ಕೊಂಡು, ದುರಸ್ತಿಗೊಳಿಸಿ, 2024ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮೂವತ್ತು ವರ್ಷಗಳಲ್ಲಿ ಮೊದಲ ಹೊಸ ಕಾರು ಜೋಡಣಾ ಕಾರ್ಖಾನೆ 2021ರಲ್ಲಿ ಮ್ಯಾಕ್ ಅವೆನ್ಯೂದಲ್ಲಿ ಆರಂಭವಾಯಿತು. 2024ರಲ್ಲಿ ನಡೆದ ಕೊಲೆಗಳು 203. ಅದು 1965ರಿಂದೀಚೆಗೆ ಅತ್ಯಂತ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ, 2023ರ ಅಂದಾಜಿನಲ್ಲಿ, 1957ರ ನಂತರ ಮೊಟ್ಟಮೊದಲ ಬಾರಿಗೆ ಜನಸಂಖ್ಯೆ ಏರಿತು. 2024ರ ಅಂದಾಜು ಸುಮಾರು 6,45,700.

ಲೆಕ್ಕದ ಇನ್ನೊಂದು ಪುಟ

ಇದೇ ವರ್ಷಗಳ ಇನ್ನೊಂದು ಲೆಕ್ಕವೂ ಇದೆ. ಮನೆಗಳ ಬೆಲೆ ಕುಸಿದಿದ್ದರೂ ನಗರಾಡಳಿತ ಹಳೆಯ ಹೆಚ್ಚಿನ ಮೌಲ್ಯದ ಮೇಲೆಯೇ ಆಸ್ತಿ ತೆರಿಗೆ ವಿಧಿಸುತ್ತಿತ್ತು. 2010ರಿಂದ 2016ರ ಅವಧಿಯಲ್ಲಿ ಹೀಗೆ ಹೆಚ್ಚುವರಿಯಾಗಿ ವಿಧಿಸಿದ ಮೊತ್ತ ಕನಿಷ್ಠ 60 ಕೋಟಿ ಡಾಲರ್ ಎಂದು ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆ 2020ರಲ್ಲಿ ಲೆಕ್ಕ ಹಾಕಿತು. ತೆರಿಗೆ ಬಾಕಿಗಾಗಿ ಸಾವಿರಾರು ಕುಟುಂಬಗಳ ಮನೆಗಳು ಹರಾಜಾದವು. ಅವು ಸಾಲ ತೀರಿಸಿ ಸ್ವಂತವಾಗಿಸಿಕೊಂಡಿದ್ದ ಮನೆಗಳೂ ಆಗಿರಬಹುದಿತ್ತು. ಇಂದಿಗೂ ಸುಮಾರು ಮೂರರಲ್ಲಿ ಒಬ್ಬ ನಿವಾಸಿ ಬಡತನದ ರೇಖೆಯ ಕೆಳಗಿದ್ದಾನೆ. ನಗರದ ನಡುಭಾಗದ ಕಚೇರಿಗಳು ತುಂಬಿದರೂ ಅಲ್ಲಿ ದುಡಿಯುವ ಅನೇಕರು ಸಂಜೆ ಉಪನಗರಕ್ಕೆ ಮರಳುತ್ತಾರೆ. ನಗರದ ಆದಾಯ ತೆರಿಗೆ ಅಲ್ಲಿನ ನಿವಾಸಿಗೆ ಶೇಕಡಾ 2.4, ಹೊರಗಿನಿಂದ ಬಂದು ದುಡಿಯುವವನಿಗೆ ಅದರ ಅರ್ಧ.

ಉಪಸಂಹಾರ

ಹಾಗಾದರೆ ಡೆಟ್ರಾಯಿಟ್ ಅಳಿಯುತ್ತಿದೆಯೋ, ಅರಳುತ್ತಿದೆಯೋ? ಹದಿನೆಂಟು ಲಕ್ಷ ಜನರ ಹಳೆಯ ವೈಭವವನ್ನು ಅಳತೆಗೋಲಾಗಿಸಿಕೊಂಡರೆ ಅದು ಎಂದಿಗೂ ಸೋತ ನಗರವೇ. ಆದರೆ ಚಿಕ್ಕದಾದ ನಗರ ಸತ್ತ ನಗರವಲ್ಲ. ಆರೂವರೆ ಲಕ್ಷ ಜನರಿಗೆ ದೀಪ, ನೀರು, ಕಾವಲು, ಸಕಾಲದ ಪಿಂಚಣಿ ಕೊಡಬಲ್ಲ ಊರು ಬದುಕಿರುವ ಊರೇ. ಆ ದೃಷ್ಟಿಯಿಂದ ಚೇತರಿಕೆ ನಿಜ. ಆದರೆ ಅದರ ಬೆಲೆಯ ಒಂದು ಪಾಲನ್ನು ತೆತ್ತವರು, ಎಲ್ಲರೂ ಬಿಟ್ಟುಹೋದಾಗ ಅಲ್ಲಿಯೇ ಉಳಿದು ಕಸ ಗುಡಿಸಿದ, ಬಸ್ಸು ನಡೆಸಿದ, ಬೆಂಕಿ ನಂದಿಸಿದ ನೌಕರರು ಹಾಗೂ ತೆರಿಗೆ ಕಟ್ಟುತ್ತ ಬಂದ ಬಡ ಮನೆಮಾಲೀಕರು. ಅವರ ಋಣ ಇನ್ನೂ ತೀರಿಲ್ಲ. 2025ರ ನವೆಂಬರ್‌ನಲ್ಲಿ ನಗರದ ಪ್ರಥಮ ಮಹಿಳಾ ಮೇಯರ್ ಆಗಿ ಚುನಾಯಿತರಾದ ಮೇರಿ ಶೆಫೀಲ್ಡ್ ಅವರ ಮುಂದಿರುವ ಹೊಣೆಯೂ ಇದೇ.

ಮುಂದಿನ ಸಲ ಮಕ್ಕಳ ಮನೆಗೆಂದು ಆ ಕಡೆ ಪ್ರಯಾಣಿಸುವ ಹಿರಿಯರು ಉಪನಗರದಿಂದ ಒಂದು ದಿನ ಬಿಡುವು ಮಾಡಿಕೊಂಡು ಎಯ್ಟ್ ಮೈಲ್ ರಸ್ತೆಯನ್ನು ದಾಟಿ ಹೋಗಲಿ. ರಿವೆರಾನ ಚಿತ್ರಗಳನ್ನೂ ಹೊಳೆಯುವ ನಿಲ್ದಾಣವನ್ನೂ ನೋಡಲಿ. ಹಿಂತಿರುಗುವಾಗ ಮುಖ್ಯರಸ್ತೆಯನ್ನು ಬಿಟ್ಟು ವಸತಿ ಬೀದಿಗಳ ಮೂಲಕ ಬರಲಿ. ಈ ಪ್ರಶ್ನೆಗೆ ಉತ್ತರವಿರುವುದು ಆ ಬೀದಿಗಳಲ್ಲಿ.