ಮನೆಯ ತಾರಸಿಯಲ್ಲಿ ಸಿಪ್ಪೆಸಹಿತ ತಿನ್ನುವ ಬಟಾಣಿ

ಸಾಧಾರಣ ಬಟಾಣಿಯ ಸಿಪ್ಪೆಯ ಒಳಗೋಡೆಯಲ್ಲಿ ಗಡುಸಾದ ಪೊರೆಯೊಂದಿರುತ್ತದೆ; ಆದ್ದರಿಂದಲೇ ನಾವು ಕಾಳನ್ನು ಬಿಡಿಸಿಕೊಂಡು ಸಿಪ್ಪೆಯನ್ನು ಎಸೆಯುತ್ತೇವೆ. ಈ ಪೊರೆಯಿಲ್ಲದ, ಕಾಳು ತುಂಬಿದ ಮೇಲೂ ಇಡಿಯಾಗಿ ತಿನ್ನಬಹುದಾದ ಬಗೆಯೇ ಸ್ನ್ಯಾಪ್ ಬಟಾಣಿ. ಅಮೆರಿಕದ ತಳಿವಿಜ್ಞಾನಿ ಕ್ಯಾಲ್ವಿನ್ ಲ್ಯಾಂಬೋರ್ನ್ ಅವರ 'ಶುಗರ್ ಸ್ನ್ಯಾಪ್' ತಳಿ 1979ರಲ್ಲಿ ಬಂದ ಬಳಿಕ ಇದು ಮನೆತೋಟಗಳಿಗೆ ಹಬ್ಬಿತು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ 'ಅರ್ಕಾ ಸಂಪೂರ್ಣ' ಎಂಬ ಸಿಪ್ಪೆಸಹಿತ ತಿನ್ನುವ ತಳಿಯನ್ನು ಹೊರತಂದಿದೆ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಕಾಲ: ಕೋಲ್ಕತ್ತದಲ್ಲಿ ಈ ಬೆಳೆಯ ಅಳಿವು ಉಳಿವು ನಿಂತಿರುವುದು ದಿನಗಳ ಲೆಕ್ಕದ ಮೇಲೆ. ಮಳೆಯ ತೇವ ಆರುವ ಮುನ್ನ ಬಿತ್ತಿದರೆ ಬೀಜ ಕೊಳೆಯುತ್ತದೆ; ತಡವಾದರೆ ಫೆಬ್ರವರಿಯ ಕೊನೆಗೆ ಉಷ್ಣತೆ 30 ಡಿಗ್ರಿ ಮೀರಿ ಹೂ ಉದುರುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ, ನವೆಂಬರ್ ಮಧ್ಯದೊಳಗೆ ಬಿತ್ತಿದರೆ ಸಂಕ್ರಾಂತಿಯ ವೇಳೆಗೆ ಕಾಯಿ ಕೈಸೇರುತ್ತದೆ.

ಮಣ್ಣು ಮತ್ತು ಬಿತ್ತನೆ: ಇಲ್ಲಿನ ಜಿಗುಟು ಮಣ್ಣಿಗೆ ಮರಳು, ಎರೆಗೊಬ್ಬರ ಬೆರೆಸಿ ನೀರು ಬಸಿಯುವಂತೆ ಮಾಡಬೇಕು. ಹನ್ನೆರಡು ಅಂಗುಲದ ಕುಂಡಕ್ಕೆ ನಾಲ್ಕು ಗಿಡ ಸಾಕು. ಬೀಜವನ್ನು ಒಂದಂಗುಲ ಆಳದಲ್ಲಿ ಊರಬೇಕು. ಅಂಗಡಿಯ ಬೀಜಕ್ಕೆ ಔಷಧ ಲೇಪಿಸಿರುವುದುಂಟು. ಮಕ್ಕಳ ಕೈಗೆ ಸಿಗದಿರಲಿ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಯೂರಿಯಾ ಬೇಕಿಲ್ಲ. ಹಾಕಿದರೆ ಎಲೆ ಹೆಚ್ಚಿ ಕಾಯಿ ಕಡಿಮೆಯಾಗುತ್ತದೆ.

ಆರೈಕೆ: ಕುಡಿ ಹಬ್ಬಲು ಬಿದಿರುಕಡ್ಡಿ ಅಥವಾ ಬಲೆ ಬೇಕು. ಬೆಳಿಗ್ಗೆ ಬುಡಕ್ಕಷ್ಟೇ ನೀರುಣಿಸಬೇಕು. ಜನವರಿಯಲ್ಲಿ ಎಲೆಯ ಮೇಲೆ ಬಿಳಿಯ ಪುಡಿಯಂತೆ ಕಾಣುವ ಬೂದಿರೋಗವೇ ಮುಖ್ಯ ಶತ್ರು. ಗಿಡಗಳ ನಡುವೆ ಗಾಳಿಯಾಡಲು ಬಿಟ್ಟು, ರೋಗ ತಗಲಿದ ಎಲೆಗಳನ್ನು ಕಂಡೊಡನೆ ಕಿತ್ತುಹಾಕಬೇಕು.

ಕೊಯ್ಲು: ಕಾಯಿ ದುಂಡಗಾಗಿ, ಮುರಿದರೆ ಟಕ್ಕೆನ್ನುವಾಗ ಎರಡು ದಿನಕ್ಕೊಮ್ಮೆ ಕೊಯ್ಯಬೇಕು. ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ರಜೆಗೆಂದು ಊರಿಗೆ ಹೊರಡುವ ನಮ್ಮ ಕುಟುಂಬಗಳು ಇದನ್ನು ಮರೆಯಬಾರದು. ನೆರೆಮನೆಯ ಬಂಗಾಳಿ ಬಂಧುಗಳಿಗೆ ಕೊಯ್ಯಲು ಹೇಳಿಹೋದರೆ ಗಿಡವೂ ಉಳಿಯುತ್ತದೆ, ಸ್ನೇಹವೂ ಬೆಳೆಯುತ್ತದೆ.

ಬಳಕೆ: ನಾರು ತೆಗೆದ ಕಾಯಿಯನ್ನು ಹಸಿಯಾಗಿಯೇ ತಿನ್ನಬಹುದು, ತೆಂಗಿನತುರಿ, ಸಾಸಿವೆಯ ಒಗ್ಗರಣೆ ಹಾಕಿದರೆ ರುಚಿಯಾದ ಪಲ್ಯ. ಬಂಗಾಳಿಗಳ ಬಟಾಣಿ ಕಚೋರಿಗೆ ಮಾತ್ರ ಸಾಧಾರಣ ಬಟಾಣಿಯ ಕಾಳೇ ಮೇಲು.

ಬೆಳೆ ಮುಗಿದ ಮೇಲೆ ಗಿಡವನ್ನು ಕೀಳದೆ ಬುಡದಲ್ಲಿ ಕತ್ತರಿಸಿ. ಬೇರು ಮಣ್ಣಿನಲ್ಲೇ ಕರಗಿ ಬೇಸಿಗೆಯ ಸೊಪ್ಪಿಗೆ ಗೊಬ್ಬರವಾಗುತ್ತದೆ.